ಕಡಲಿನ ಕಾಣದ ಬೆಳೆ

ಬೇಸಿಗೆಯ ದಿನಗಳಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಕೆರೆಗಳನ್ನು ನೋಡಿದವರಿಗೆ ನೀರಿನ ಹಸಿರು ಬಣ್ಣ ಹೊಸತಲ್ಲ. ಕೆಂಗೇರಿಯ ಕೆರೆಯಾಗಲಿ ಮಲ್ಲತ್ತಹಳ್ಳಿಯ ಕೆರೆಯಾಗಲಿ, ಅಂತಹ ಹಸಿರು ನೀರಿನ ಒಂದು ಹನಿಯನ್ನು ಗಾಜಿನ ಫಲಕದ ಮೇಲಿರಿಸಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದರೆ, ಬರಿಗಣ್ಣಿಗೆ ಬಣ್ಣವಾಗಿ ಮಾತ್ರ ತೋರಿದುದು ಅಸಂಖ್ಯ ಜೀವಿಗಳ ಸಂತೆಯಾಗಿ ತೆರೆದುಕೊಳ್ಳುತ್ತದೆ. ದಾರದಂತೆ ಉದ್ದವಾದವು, ಚಕ್ರದಂತೆ ದುಂಡಾದವು, ಸರಪಳಿಯಂತೆ ಒಂದಕ್ಕೊಂದು ಹೆಣೆದುಕೊಂಡವು ಅಲ್ಲಿ ಕಾಣಸಿಗುತ್ತವೆ. ಅವುಗಳ ನಡುವೆ ಚಂಗನೆ ಜಿಗಿದು ಮರೆಯಾಗುವ ಪುಟ್ಟ ಪ್ರಾಣಿಗಳೂ ಇರುತ್ತವೆ. ನೀರು ಒಯ್ದತ್ತ ಒಯ್ಯಿಸಿಕೊಂಡು ತೇಲುತ್ತ ಬಾಳುವ ಈ ಜೀವಿಗಳಿಗೆ ಪ್ಲವಕಗಳು ಎಂದು ಹೆಸರು. ಇವುಗಳನ್ನು ಕುರಿತ ಪ್ಲ್ಯಾಂಕ್ಟನ್ ಎಂಬ ಪದವನ್ನು ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸೆನ್ 1887ರಲ್ಲಿ ಬಳಕೆಗೆ ತಂದನು. ಅಲೆದಾಡುವುದು ಎಂಬ ಅರ್ಥದ ಗ್ರೀಕ್ ಶಬ್ದವೊಂದು ಅದರ ಮೂಲ.

ಪ್ಲವಕಗಳಲ್ಲಿ ಎರಡು ದೊಡ್ಡ ವರ್ಗಗಳುಂಟು. ಸೂರ್ಯನ ಬೆಳಕನ್ನು ಹೀರಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವವು ಸಸ್ಯಪ್ಲವಕಗಳು. ಅವನ್ನು ತಿಂದು ಬದುಕುವವು ಪ್ರಾಣಿಪ್ಲವಕಗಳು. ಕೆರೆಯಲ್ಲಿರುವಂತೆಯೇ ಕಡಲಿನಲ್ಲಿಯೂ ಇವು ಇವೆ. ಆದರೆ ಕಡಲಿನಲ್ಲಿ ಇವುಗಳ ರಾಜ್ಯದ ವಿಸ್ತಾರ ಬೇರೆಯೇ. ಭೂಮಂಡಲದ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಭಾಗ ಕಡಲಿನ ಸಸ್ಯಪ್ಲವಕಗಳ ಪಾಲು. ನೆಲದ ಮೇಲಿನ ಕಾಡು, ಹುಲ್ಲುಗಾವಲು, ಗದ್ದೆ, ತೋಟಗಳೆಲ್ಲ ಕೂಡಿ ಮಾಡುವಷ್ಟೇ ಕೆಲಸವನ್ನು ಕಣ್ಣಿಗೆ ಕಾಣದ ಈ ಬೆಳೆ ಸದ್ದಿಲ್ಲದೆ ಮಾಡುತ್ತಿದೆ. ಅದನ್ನು ಪ್ರಾಣಿಪ್ಲವಕಗಳು ಮೇಯುತ್ತವೆ. ಅವನ್ನು ಮೀನು, ಮೀನನ್ನು ಹಕ್ಕಿ, ಸೀಲ್ ಮತ್ತು ಮನುಷ್ಯ. ಮಂಗಳೂರು, ಮಲ್ಪೆಗಳ ಬಂದರಿನಲ್ಲಿ ಬುಟ್ಟಿಗಟ್ಟಲೆ ಬಂದಿಳಿಯುವ ಬೂತಾಯಿ ಮೀನು ಬಹುಮಟ್ಟಿಗೆ ಪ್ಲವಕಗಳನ್ನೇ ಸೋಸಿ ತಿಂದು ಬೆಳೆದದ್ದು. ಕಡಲಿನ ಬೆಳೆ ಕೆಟ್ಟ ವರ್ಷ ಕರಾವಳಿಯ ಒಲೆಯ ಮೇಲಿನ ಮಡಕೆಗೂ ಅದರ ಸುದ್ದಿ ಮುಟ್ಟುತ್ತದೆ.

ಈ ಬೆಳೆ ಬೆಳೆಯಲು ಎರಡು ವಸ್ತುಗಳು ಬೇಕು. ಒಂದು ಬೆಳಕು, ಇನ್ನೊಂದು ಗೊಬ್ಬರ. ಬೆಳಕು ಮೇಲಿನಿಂದ ಬರುತ್ತದೆ. ನೈಟ್ರೇಟ್, ಫಾಸ್ಫೇಟ್ ಮುಂತಾದ ಗೊಬ್ಬರವಾದರೋ ಸತ್ತ ಜೀವಿಗಳೊಡನೆ ಕೆಳಗಿಳಿದು ಆಳದ ನೀರಿನಲ್ಲಿ ಕೂಡಿಕೊಂಡಿರುತ್ತದೆ. ಆದುದರಿಂದ ಕಡಲಿನ ನೀರು ಆಗಾಗ ಮೇಲೆ ಕೆಳಗೆ ಕದಡಬೇಕು. ಇಲ್ಲವಾದರೆ ಮೇಲೆ ಬೆಳಕಿದ್ದೂ ಗೊಬ್ಬರವಿಲ್ಲ, ಕೆಳಗೆ ಗೊಬ್ಬರವಿದ್ದೂ ಬೆಳಕಿಲ್ಲ ಎಂಬಂತಾಗುತ್ತದೆ. ಬಚ್ಚಲುಮನೆಯ ಹಂಡೆಯನ್ನು ನೆನೆಸಿಕೊಳ್ಳಿ. ಒಲೆಯ ಉರಿ ಅಡಿಯಲ್ಲಿರುವುದರಿಂದ ಕೆಳಗಿನ ನೀರು ಕಾದು ಹಗುರಾಗಿ ಮೇಲೇರುತ್ತದೆ. ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಹೀಗೆ ಹಂಡೆಯ ನೀರೆಲ್ಲ ಸುತ್ತಿ ಬೆರೆಯುತ್ತದೆ. ಕಡಲಿಗಾದರೋ ಉರಿ ಮೇಲಿನಿಂದ. ಮೇಲಿನ ನೀರು ಕಾದಷ್ಟೂ ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಕೆಳಗಿನ ತಣ್ಣೀರಿಗೆ ಅದು ಮುಚ್ಚಳವಾಗುತ್ತದೆ. ಈ ಮುಚ್ಚಳವನ್ನು ಗಾಳಿ, ಚಳಿ ಮತ್ತು ಪ್ರವಾಹಗಳು ಒಡೆಯಬೇಕು. ಕಡಲು ಬಿಸಿಯಾದಂತೆ ಮುಚ್ಚಳ ಬಲವಾಗುತ್ತದೆ ಎಂಬ ಒಂದು ಮಾತನ್ನು ಮನದಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುತ್ತವೆ.

ಕಡಲಿನ ಬಿಸಿ ಎಲ್ಲಕ್ಕಿಂತ ಸ್ಪಷ್ಟವಾಗಿ ಗುರುತು ಮೂಡಿಸುತ್ತಿರುವ ಸ್ಥಳಗಳಲ್ಲಿ ಒಂದು ಉತ್ತರ ಧ್ರುವದ ಸಮೀಪದಲ್ಲಿದೆ. ನಾರ್ವೆ ದೇಶದ ಆಡಳಿತಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಪಶ್ಚಿಮ ತೀರದಲ್ಲಿ, 79 ಡಿಗ್ರಿ ಉತ್ತರ ಅಕ್ಷಾಂಶದ ಬಳಿ, ಕಾಂಗ್ಸ್‌ಫಿಯರ್ಡ್ ಎಂಬ ಕಡಲತೋಳು ಇದೆ. ಹಿಮನದಿಗಳು ಸಹಸ್ರಾರು ವರ್ಷ ಬೆಟ್ಟವನ್ನು ಕೊರೆದು ಮಾಡಿದ ಆಳವಾದ ಕಣಿವೆಗೆ ಕಡಲು ನುಗ್ಗಿ ನಿಂತರೆ ಅದಕ್ಕೆ ಫಿಯರ್ಡ್ ಎನ್ನುತ್ತಾರೆ. ಕಾಂಗ್ಸ್‌ಫಿಯರ್ಡ್ ಎಂದರೆ ಅರಸನ ಫಿಯರ್ಡ್. ಅದರ ದಡದಲ್ಲಿ ನೈ ಆಲಸುಂಡ್ ಎಂಬ ಪುಟ್ಟ ವಸತಿ ಇದೆ. ಹಿಂದೆ ಅದು ಕಲ್ಲಿದ್ದಲ ಗಣಿಯ ಊರು. 1962ರಲ್ಲಿ ಸಂಭವಿಸಿದ ಭೀಕರ ಅಪಘಾತದ ತರುವಾಯ ಗಣಿಯ ಕೆಲಸ ನಿಂತಿತು. ಊರು ವಿಜ್ಞಾನಿಗಳ ನೆಲೆಯಾಯಿತು.

ಈ ದೂರದ ಊರಿಗೂ ನಮಗೂ ಸಂಬಂಧವುಂಟು. 2007ರಲ್ಲಿ ಭಾರತದ ಮೊದಲ ವಿಜ್ಞಾನಿ ತಂಡ ಇಲ್ಲಿಗೆ ಬಂದಿತು. 2008ರ ಜುಲೈ 1ರಂದು ಹಿಮಾದ್ರಿ ಎಂಬ ಹೆಸರಿನ ಭಾರತದ ಸಂಶೋಧನಾ ಕೇಂದ್ರ ಇಲ್ಲಿ ಪ್ರಾರಂಭವಾಯಿತು. ಗೋವೆಯ ವಾಸ್ಕೋ ನಗರದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಅದನ್ನು ನಡೆಸುತ್ತಿದೆ. 2014ರ ಜುಲೈಯಲ್ಲಿ ಭಾರತೀಯ ವಿಜ್ಞಾನಿಗಳು ಫಿಯರ್ಡಿನ 192 ಮೀಟರ್ ಆಳದಲ್ಲಿ ಇಂಡಾರ್ಕ್ ಎಂಬ ಉಪಕರಣಮಾಲೆಯನ್ನು ಲಂಗರು ಹಾಕಿ ನಿಲ್ಲಿಸಿದರು. ಹಡಗು ಹೋಗಲಾಗದ ಚಳಿಗಾಲದ ಕತ್ತಲೆಯಲ್ಲಿಯೂ ಅದು ನೀರಿನ ಉಷ್ಣತೆಯನ್ನೂ ಲವಣಾಂಶವನ್ನೂ ಪ್ರವಾಹವನ್ನೂ ಅಳೆದು ದಾಖಲಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹಿಮಾದ್ರಿಗೆ ಹೊರಟಾಗ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿ ಇದ್ದರು.

ಫಿಯರ್ಡಿನ ವರ್ಷ ನಮ್ಮ ವರ್ಷದಂತಲ್ಲ. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಫೆಬ್ರುವರಿಯ ನಡುವಿನವರೆಗೆ ಮೇಲೇಳುವುದಿಲ್ಲ. ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯ ಭಾಗದವರೆಗೆ ಮುಳುಗುವುದೂ ಇಲ್ಲ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದು, ಫಿಯರ್ಡಿನ ನೀರು ಚೆನ್ನಾಗಿ ಬೆರೆಯುತ್ತದೆ. ಆಳದ ಗೊಬ್ಬರ ಮೇಲಕ್ಕೆ ಬರುತ್ತದೆ. ವಸಂತದಲ್ಲಿ ಬೆಳಕು ಮರಳಿದೊಡನೆ ಡಯಾಟಮ್ ಎಂಬ ಸಸ್ಯಪ್ಲವಕಗಳು ನೀರನ್ನೆಲ್ಲ ತುಂಬುತ್ತವೆ. ಗಾಜನ್ನು ಮಾಡುವ ಸಿಲಿಕವೇ ಇವುಗಳ ಕವಚಕ್ಕೆ ಸಾಮಗ್ರಿ. ಕೆಲವೇ ವಾರಗಳ ಈ ಸುಗ್ಗಿಯೇ ಅಲ್ಲಿಯ ಜೀವಿಗಳಿಗೆ ವರ್ಷದ ಬಹುಪಾಲು ಬೆಳೆ. ಮುಂಗಾರಿನ ಮೊದಲ ಹದ ತಪ್ಪಿದರೆ ನಮ್ಮ ರೈತನ ಗತಿ ಏನಾಗುವುದೋ, ಈ ಸುಗ್ಗಿ ತಪ್ಪಿದರೆ ಫಿಯರ್ಡಿನ ಪ್ರಾಣಿಗಳ ಗತಿಯೂ ಅದೇ.

ಆ ಸುಗ್ಗಿಯನ್ನು ಒಕ್ಕಿ ಕಣಜ ತುಂಬಿಕೊಳ್ಳುವ ಒಕ್ಕಲು ಕೆಲಾನಸ್ ಎಂಬ ಪ್ರಾಣಿಪ್ಲವಕ. ಇದು ಕೋಪಿಪಾಡ್ ಎಂಬ ಗುಂಪಿಗೆ ಸೇರಿದುದು. ದೋಣಿಯ ಹುಟ್ಟಿನಂತಹ ಕಾಲುಳ್ಳದ್ದು ಎಂದು ಆ ಹೆಸರಿನ ಅರ್ಥ. ಗಾತ್ರದಲ್ಲಿ ಅಕ್ಕಿಯ ಕಾಳಿಗಿಂತ ಚಿಕ್ಕದು. ವಸಂತದಲ್ಲಿ ಡಯಾಟಮ್‌ಗಳನ್ನು ತಿಂದು ತನ್ನ ದೇಹದಲ್ಲಿ ಕೊಬ್ಬಿನ ಒಂದು ಚೀಲವನ್ನೇ ಕಟ್ಟಿಕೊಳ್ಳುತ್ತದೆ. ಬೇಸಿಗೆ ಕಳೆಯುತ್ತಲೇ ಆಳಕ್ಕಿಳಿದು, ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಆ ಕೊಬ್ಬಿನಿಂದಲೇ ಜೀವ ಹಿಡಿದಿರುತ್ತದೆ. ಕೊರೆಯುವ ಚಳಿಯ ನಾಡಿನಲ್ಲಿ ಕೊಬ್ಬೇ ಧನ. ಕೆಲಾನಸ್ ಕೂಡಿಟ್ಟ ಈ ಧನವನ್ನು ನಂಬಿ ಮೀನು ಬದುಕಿದೆ, ಹಕ್ಕಿ ಬದುಕಿದೆ.

ಕೆಲಾನಸ್‌ನಲ್ಲಿ ಹಲವು ಪ್ರಭೇದಗಳಿವೆ. ಕೆಲಾನಸ್ ಗ್ಲೇಸಿಯಾಲಿಸ್ ಧ್ರುವಪ್ರದೇಶದ ತಣ್ಣೀರಿನದು. ಸುಮಾರು ಮೂರರಿಂದ ಐದು ಮಿಲಿಮೀಟರ್ ಉದ್ದ. ಕೆಲಾನಸ್ ಫಿನ್ಮಾರ್ಕಿಕಸ್ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರಿನದು. ಸಾಮಾನ್ಯವಾಗಿ ಇನ್ನೂ ಚಿಕ್ಕದು. ಗ್ಲೇಸಿಯಾಲಿಸ್ ಒಂದರಲ್ಲಿರುವ ಕೊಬ್ಬು ಫಿನ್ಮಾರ್ಕಿಕಸ್ ಒಂದರಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಎಂದು ಅಂದಾಜು ಮಾಡಲಾಗಿದೆ. ನೋಟಕ್ಕೆ ಇವೆರಡೂ ಅಣ್ಣತಮ್ಮಂದಿರಂತೆ ಒಂದೇ ತೆರನಾಗಿ ಕಾಣುತ್ತವೆ. ಬಹುಕಾಲ ವಿಜ್ಞಾನಿಗಳು ಉದ್ದವನ್ನು ಅಳೆದು ಇವನ್ನು ಬೇರ್ಪಡಿಸುತ್ತಿದ್ದರು. ವಂಶವಾಹಿಗಳನ್ನು ಪರೀಕ್ಷಿಸುವ ವಿಧಾನ ಬಂದ ಮೇಲೆ, ಚಿಕ್ಕ ಗ್ಲೇಸಿಯಾಲಿಸ್‌ಗಳೂ ದೊಡ್ಡ ಫಿನ್ಮಾರ್ಕಿಕಸ್‌ಗಳೂ ಇವೆಯೆಂದು ತಿಳಿದು, ಹಳೆಯ ಎಣಿಕೆಗಳನ್ನು ಮತ್ತೆ ಪರಿಶೀಲಿಸಬೇಕಾಯಿತು. ಅಳತೆಗೋಲನ್ನೇ ಅಳೆದು ನೋಡುವುದೂ ವಿಜ್ಞಾನದ ಕೆಲಸವೇ.

ಈಗ ಬಿಸಿಯ ಮಾತಿಗೆ ಬರೋಣ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಉಪ್ಪುನೀರನ್ನು ಹೊತ್ತ ಒಂದು ಪ್ರವಾಹ ಸ್ವಾಲ್‌ಬಾರ್ಡಿನ ಪಶ್ಚಿಮ ತೀರದ ಗುಂಟ ಉತ್ತರಕ್ಕೆ ಹರಿಯುತ್ತದೆ. ಅನೇಕ ಫಿಯರ್ಡುಗಳ ಬಾಯಲ್ಲಿ ಹೊಸ್ತಿಲಿನಂತೆ ಎತ್ತರದ ದಿಣ್ಣೆಯಿದ್ದು ಅದು ಹೊರಗಿನ ನೀರನ್ನು ತಡೆಯುತ್ತದೆ. ಕಾಂಗ್ಸ್‌ಫಿಯರ್ಡಿನ ಬಾಯಲ್ಲಿ ಅಂತಹ ಹೊಸ್ತಿಲಿಲ್ಲ. ಆದುದರಿಂದ ಬೆಚ್ಚನೆಯ ನೀರು ನೇರವಾಗಿ ಒಳಗೆ ಬರುತ್ತದೆ. 2005-06ರ ಚಳಿಗಾಲದಲ್ಲಿ ಹೀಗೆ ಬಂದ ನೀರು ಮೊದಲಿನಂತೆ ಹೆಪ್ಪುಗಟ್ಟಲು ಬಿಡಲಿಲ್ಲ. ಅಂದಿನಿಂದ ಈಚೆಗೆ ಆ ಫಿಯರ್ಡಿನ ಮೇಲೆ ಚಳಿಗಾಲದ ಮಂಜುಗಡ್ಡೆ ಬಹಳ ಕಡಮೆಯಾಗಿದೆ. 1979ರಿಂದ ಈಚೆಗೆ ಉತ್ತರ ಧ್ರುವಪ್ರದೇಶವು ಭೂಮಿಯ ಸರಾಸರಿಗಿಂತ ಮೂರು-ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ಬೆಚ್ಚನೆಯ ನೀರು ಬರಿಗೈಯಲ್ಲಿ ಬರುವುದಿಲ್ಲ. ತನ್ನೊಡನೆ ತನ್ನ ಪ್ಲವಕಗಳನ್ನೂ ತರುತ್ತದೆ. ಫಿನ್ಮಾರ್ಕಿಕಸ್ ಮೊದಲಿನಿಂದಲೂ ಈ ಫಿಯರ್ಡಿಗೆ ಬಂದುಹೋಗುತ್ತಿದ್ದ ಅತಿಥಿಯೇ. ಬೆಚ್ಚನೆಯ ವರ್ಷಗಳಲ್ಲಿ ಅತಿಥಿಗಳ ಪಾಲು ಹೆಚ್ಚುತ್ತದೆ, ಮನೆಯವರ ಪಾಲು ಇಳಿಯುತ್ತದೆ. ಇದರ ಪರಿಣಾಮವನ್ನು ತಿಳಿಯಲು ಸ್ವಾಲ್‌ಬಾರ್ಡಿನ ಕಲ್ಲುಬಂಡೆಗಳ ಸಂದಿಯಲ್ಲಿ ಗೂಡು ಮಾಡುವ ಪುಟ್ಟ ಆಕ್ ಎಂಬ ಹಕ್ಕಿಯನ್ನು ನೋಡಬೇಕು. ಅದು ನಮ್ಮ ಗೊರವಂಕಕ್ಕಿಂತ ದೊಡ್ಡದಲ್ಲ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಮರಿಗೆ ಬೇಕಾದ ಕೆಲಾನಸ್‌ಗಳನ್ನು ತಂದೆತಾಯಿ ಹಕ್ಕಿಗಳು ಕಡಲಿನಲ್ಲಿ ಮುಳುಗಿ ಆರಿಸಿ, ಗಂಟಲಿನ ಚೀಲದಲ್ಲಿ ತುಂಬಿಕೊಂಡು ತರುತ್ತವೆ. ಕೊಬ್ಬಿದ ಗ್ಲೇಸಿಯಾಲಿಸ್ ಸಿಕ್ಕಿದರೆ ಚೀಲ ತುಂಬಿದಂತೆಯೇ ಮರಿಯ ಹೊಟ್ಟೆಯೂ ತುಂಬುತ್ತದೆ. ಬಡಕಲು ಫಿನ್ಮಾರ್ಕಿಕಸ್ ಸಿಕ್ಕಿದರೆ ಚೀಲ ತುಂಬಿದರೂ ಹೊಟ್ಟೆ ಅರೆಯಾಗುತ್ತದೆ. ಆಗ ತಂದೆತಾಯಿಗಳು ತಣ್ಣನೆಯ ನೀರನ್ನು ಅರಸಿ ದೂರದೂರಕ್ಕೆ ಹಾರಬೇಕು. ಬೆಚ್ಚನೆಯ ನೀರಿನ ಬಳಿ ಗೂಡು ಕಟ್ಟಿದ ಹಕ್ಕಿಗಳು ಹೀಗೆ ದೀರ್ಘ ಪ್ರಯಾಣಗಳನ್ನು ಮಾಡುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಆಹಾರದ ಗುಣವಷ್ಟೇ ಅಲ್ಲ, ಅದರ ವೇಳೆಯೂ ಮುಖ್ಯ. ಕಡಲಮಂಜಿನ ಗಡ್ಡೆಯ ಅಡಿಯಲ್ಲಿ ಒಂದು ಬಗೆಯ ಪಾಚಿ ಬೆಳೆಯುತ್ತದೆ. ವಸಂತದ ಆದಿಯಲ್ಲಿ, ನೀರಿನಲ್ಲಿ ಇನ್ನೂ ಸುಗ್ಗಿ ಬಾರದಿರುವಾಗ, ಗ್ಲೇಸಿಯಾಲಿಸ್ ಈ ಪಾಚಿಯನ್ನು ತಿಂದು ಮೊಟ್ಟೆಯಿಡುತ್ತದೆ. ಮರಿಗಳು ಬೆಳೆದು ತಿನ್ನಲು ಸಮರ್ಥವಾಗುವ ಹೊತ್ತಿಗೆ ಡಯಾಟಮ್ ಸುಗ್ಗಿ ಬರುತ್ತದೆ. ತಾಯಿಗೆ ಮೊದಲ ಊಟ, ಮಕ್ಕಳಿಗೆ ಎರಡನೆಯ ಊಟ: ಪ್ರಕೃತಿಯ ಪಂಕ್ತಿ ಹೀಗೆ ಸಿದ್ಧವಾಗಿದೆ. ಮಂಜುಗಡ್ಡೆ ಬೇಗ ಕರಗಿದರೆ ಮೊದಲ ಪಂಕ್ತಿಯೇ ಇಲ್ಲವಾಗುತ್ತದೆ ಅಥವಾ ಎರಡೂ ಊಟಗಳ ನಡುವಣ ಅಂತರ ತಪ್ಪುತ್ತದೆ. ಎಲೆ ಹಾಕಿದಾಗ ಉಣ್ಣುವವರಿಲ್ಲ, ಉಣ್ಣುವವರು ಬಂದಾಗ ಎಲೆಯಿಲ್ಲ.

ಫಿಯರ್ಡಿನ ಒಳತುದಿಯಲ್ಲಿ ಕ್ರೋನೆಬ್ರೀನ್ ಮುಂತಾದ ಹಿಮನದಿಗಳು ಕಡಲನ್ನು ಮುಟ್ಟುತ್ತವೆ. ಬೇಸಿಗೆಯಲ್ಲಿ ಅವುಗಳ ಅಡಿಯಿಂದ ಹೊರಡುವ ಕರಗುನೀರು ಸಣ್ಣ ಹೂಳನ್ನು ತಂದು ನೀರನ್ನು ಕೆಂಪಾಗಿ ರಾಡಿಗೊಳಿಸುತ್ತದೆ. ಬೆಳಕು ಕೆಳಗಿಳಿಯದೆ ಅಲ್ಲಿ ಸಸ್ಯಪ್ಲವಕಗಳು ಸೊರಗುತ್ತವೆ. ಆದರೆ ಇದೇ ಸಿಹಿನೀರು ಹಗುರಾದುದರಿಂದ ಹಿಮನದಿಯ ಬುಡದಿಂದ ರಭಸವಾಗಿ ಮೇಲೇಳುವಾಗ, ಆಳದ ಗೊಬ್ಬರವನ್ನೂ ಪ್ರಾಣಿಪ್ಲವಕಗಳನ್ನೂ ಎಳೆದು ತರುತ್ತದೆ. ಆ ಔತಣಕ್ಕೆ ಕಡಲಹಕ್ಕಿಗಳು ಹಿಂಡುಹಿಂಡಾಗಿ ನೆರೆಯುತ್ತವೆ. ಹಿಮನದಿ ಕರಗಿ ಹಿಂದೆ ಸರಿದು ದಡ ಹತ್ತಿದ ದಿನ ಈ ಔತಣ ನಿಲ್ಲುತ್ತದೆ. ರಾಡಿ ಮಾತ್ರ ಉಳಿಯುತ್ತದೆ. ಒಂದೇ ಕಾರಣದಿಂದ ಒಂದೆಡೆ ನಷ್ಟವೂ ಇನ್ನೊಂದೆಡೆ ಲಾಭವೂ ಆಗುವ ಇಂತಹ ಸಂಗತಿಗಳನ್ನು ಅವಸರದಿಂದ ತೂಗಬಾರದು.

ನೆರೆಯ ಫಿಯರ್ಡುಗಳಲ್ಲಿಯೂ ಹೊಸ ಮುಖಗಳು ಕಾಣುತ್ತಿವೆ. ಸುಮಾರು ಸಾವಿರ ವರ್ಷ ಅಲ್ಲಿ ಇಲ್ಲದಿದ್ದ ನೀಲಿ ಮಳಿ ಎಂಬ ಚಿಪ್ಪಿನ ಜೀವಿ 2004ರಲ್ಲಿ ಮತ್ತೆ ದೊರೆಯಿತು. 2013ರಲ್ಲಿ ಅಟ್ಲಾಂಟಿಕ್ ಸಾಗರದ ಮ್ಯಾಕರೆಲ್ ಮೀನು ಸ್ವಾಲ್‌ಬಾರ್ಡಿನ ಇಸ್‌ಫಿಯರ್ಡಿಗೆ ಬಂದಿತು. ದಕ್ಷಿಣದ ಜೀವಿಗಳು ಉತ್ತರಕ್ಕೆ ಸರಿಯುತ್ತಿವೆ. ಉತ್ತರದವುಗಳಿಗೆ ಇನ್ನೂ ಉತ್ತರಕ್ಕೆ ಹೋಗಲು ನೆಲೆ ಸಾಲದು. ಹಾಗೆಂದು ಎಲ್ಲವೂ ನಾಶವಾಯಿತೆಂದು ಹೇಳುವುದೂ ಸರಿಯಲ್ಲ. ಬೆಚ್ಚನೆಯ ನೀರಿನಲ್ಲಿ ಚಿಕ್ಕ ಕೆಲಾನಸ್ ಬೇಗ ಬೆಳೆದು ಬೇಗ ಮರಿಮಾಡಬಲ್ಲದು. ಸಂಖ್ಯೆಯ ಹೆಚ್ಚಳ ಗಾತ್ರದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಹುದು ಎಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಸಂಖ್ಯೆ ಎಷ್ಟಾದರೂ ಆಕ್ ಹಕ್ಕಿಯಂತೆ ಒಂದೊಂದನ್ನೇ ಆರಿಸಿ ತಿನ್ನುವ ಪ್ರಾಣಿಗೆ ಗಾತ್ರವೇ ಮುಖ್ಯ ಎಂಬುದು ಇನ್ನೊಂದು ಪಕ್ಷ. ಈ ವಾದ ತೀರಬೇಕಾದರೆ ವರ್ಷವರ್ಷವೂ ಬಿಡದೆ ಎಣಿಸಬೇಕು.

ಧ್ರುವದ ಕಥೆಯನ್ನು ಕೇಳಿದ ಮೇಲೆ ನಮ್ಮ ಕಡಲನ್ನೂ ನೋಡುವುದು ಉಚಿತ. ಕರ್ನಾಟಕದ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರದಲ್ಲಿ ಮುಂಗಾರು ಗಾಳಿಯ ದೆಸೆಯಿಂದ ಆಳದ ತಣ್ಣೀರು ಮೇಲಕ್ಕೆ ಬಂದು ಪ್ಲವಕಗಳ ಸುಗ್ಗಿಯಾಗುತ್ತದೆ. ಬೂತಾಯಿ, ಬಂಗುಡೆಗಳ ಬದುಕು ಇದನ್ನು ಆಶ್ರಯಿಸಿದೆ. 1901ರಿಂದ 2012ರವರೆಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಮೇಲ್ನೀರು ಬೇಸಿಗೆಯ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿತೆಂದು ಭಾರತೀಯ ವಿಜ್ಞಾನಿಗಳು ತೋರಿಸಿದ್ದಾರೆ. ಅಲ್ಲಿಯ ಸಸ್ಯಪ್ಲವಕಗಳು ಆರು ದಶಕಗಳಲ್ಲಿ ಶೇಕಡ 20ರವರೆಗೂ ಕುಗ್ಗಿರಬಹುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹಿಂದೆ ಹೇಳಿದ ಮುಚ್ಚಳವೇ ಇದಕ್ಕೆ ಮುಖ್ಯ ಕಾರಣವೆಂದು ಅದರ ತೀರ್ಮಾನ. ಬೂತಾಯಿಯ ಏರಿಳಿತಕ್ಕಾದರೋ ಕಡಲಿನ ಬಿಸಿಯೊಂದೇ ಅಲ್ಲ, ಮರಿಮೀನುಗಳನ್ನೂ ಬಿಡದೆ ಬಾಚುವ ಬಲೆಯೂ ಕಾರಣ.

ಕಡಲಿಗೆ ಈ ಬಿಸಿ ಎಲ್ಲಿಂದ ಬಂದಿತು? ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹೊರಡುವ ಇಂಗಾಲದ ಡೈ ಆಕ್ಸೈಡು ಭೂಮಿಯ ಸುತ್ತ ಹೊದಿಕೆಯಂತೆ ನಿಂತು ಶಾಖವನ್ನು ಹಿಡಿದಿಡುತ್ತದೆ. ಹೀಗೆ ಹೆಚ್ಚಾಗಿ ಉಳಿದ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಅಧಿಕವನ್ನು ಕಡಲು ನುಂಗಿಕೊಂಡಿದೆ. ನುಂಗದೆ ಇದ್ದಿದ್ದರೆ ನೆಲದ ಮೇಲಿನ ನಮ್ಮ ಬಾಳು ಎಂದೋ ದುರ್ಭರವಾಗುತ್ತಿತ್ತು. ನಮ್ಮ ಪಾಲಿನ ಬೇಗೆಯನ್ನು ಕಡಲು ಹೊತ್ತಿದೆ. ಕಡಲಿನ ಪಾಲಿನದನ್ನು ಪ್ಲವಕಗಳು ಹೊತ್ತಿವೆ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಾಲುವೆಗಳ ನೀರು ವೃಷಭಾವತಿಯನ್ನು ಕೂಡಿಕೊಂಡು ಕೆಂಗೇರಿಯನ್ನು ದಾಟುತ್ತದೆ. ಮುಂದೆ ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಕಡಲಿಲ್ಲದ ಊರಿನವರೂ ಕಡಲಿನ ನೆರೆಯವರೇ ಎಂಬುದಕ್ಕೆ ಈ ಕಲುಷಿತ ಹೊಳೆ ಸಾಕ್ಷಿ. ನಮ್ಮ ವಾಹನಗಳ ಹೊಗೆಗೆ ಹೊಳೆಯ ದಾರಿಯೂ ಬೇಕಿಲ್ಲ. ಅದು ಆಕಾಶದ ದಾರಿಯಿಂದಲೇ ಅರಸನ ಫಿಯರ್ಡನ್ನು ಮುಟ್ಟುತ್ತದೆ. ಆ ತಣ್ಣೀರಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಜೀವಿ ಬರುವ ಚಳಿಗಾಲಕ್ಕೆ ಸಾಲುವಷ್ಟು ಕೊಬ್ಬನ್ನು ಕೂಡಿಡಬಲ್ಲದೋ ಇಲ್ಲವೋ ಎಂಬುದರಲ್ಲಿ ನಮ್ಮ ನಡತೆಯ ಪಾಲೂ ಇದೆ.

ಪದಗಳ ಅರ್ಥ

ಪ್ಲವಕ - ನೀರಿನೊಡನೆ ತೇಲಿ ಸಾಗುವ ಜೀವಿ
ದ್ಯುತಿಸಂಶ್ಲೇಷಣೆ - ಬೆಳಕಿನ ನೆರವಿನಿಂದ ಸಸ್ಯಗಳು ಆಹಾರವನ್ನು ತಯಾರಿಸುವ ಕ್ರಿಯೆ
ಕಣಜ - ಧಾನ್ಯ ತುಂಬಿಡುವ ಸ್ಥಳ
ಪ್ರಭೇದ - ಜೀವಿಗಳಲ್ಲಿನ ಒಳಜಾತಿ
ವಂಶವಾಹಿ - ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ಸಾಗಿಸುವ ಅಂಶ
ದುರ್ಭರ - ಹೊರಲಾಗದ, ಸಹಿಸಲಾಗದ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪ್ಲ್ಯಾಂಕ್ಟನ್ ಎಂಬ ಪದವನ್ನು ಬಳಕೆಗೆ ತಂದವರು ಯಾರು?
2. ಹಿಮಾದ್ರಿ ಎಲ್ಲಿದೆ? ಅದು ಎಂದು ಪ್ರಾರಂಭವಾಯಿತು?
3. ಕಾಂಗ್ಸ್‌ಫಿಯರ್ಡಿಗೆ ಬೆಚ್ಚನೆಯ ನೀರು ಸುಲಭವಾಗಿ ನುಗ್ಗಲು ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಂಡೆಯ ನೀರಿಗೂ ಕಡಲಿನ ನೀರಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
2. ಪುಟ್ಟ ಆಕ್ ಹಕ್ಕಿಯ ಮರಿಗೆ ಯಾವ ಕೆಲಾನಸ್ ಹೆಚ್ಚು ಉಪಯುಕ್ತ? ಏಕೆ?
3. ಹಿಮನದಿಯ ಕರಗುನೀರಿನಿಂದ ಆಗುವ ಲಾಭ ಮತ್ತು ನಷ್ಟಗಳನ್ನು ತಿಳಿಸಿರಿ.

ಇ) ಸಂದರ್ಭದೊಡನೆ ವಿವರಿಸಿರಿ.
1. "ಎಲೆ ಹಾಕಿದಾಗ ಉಣ್ಣುವವರಿಲ್ಲ, ಉಣ್ಣುವವರು ಬಂದಾಗ ಎಲೆಯಿಲ್ಲ."
2. "ಕೊರೆಯುವ ಚಳಿಯ ನಾಡಿನಲ್ಲಿ ಕೊಬ್ಬೇ ಧನ."

ಈ) ಮಾಡಿ ನೋಡಿರಿ.
ನಿಮ್ಮ ಊರಿನ ಕೆರೆಯ ಒಂದು ಹನಿ ನೀರನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ತಿಂಗಳಿಗೊಮ್ಮೆ ನೋಡಿ, ಕಂಡ ಜೀವಿಗಳ ಚಿತ್ರವನ್ನೂ ನೀರಿನ ಉಷ್ಣತೆಯನ್ನೂ ದಿನಾಂಕದೊಡನೆ ಬರೆದಿಡಿರಿ. ವರ್ಷದ ಕೊನೆಯಲ್ಲಿ ನಿಮ್ಮ ದಾಖಲೆಯನ್ನು ತರಗತಿಯಲ್ಲಿ ಚರ್ಚಿಸಿರಿ.